ಮೂರನೇ ದಿನವೋ ಐದನೇ ದಿನವೋ: ಐವಿಎಫ್ ಮಗುವಿನ ತೂಕದ ಲೆಕ್ಕ

ಐವಿಎಫ್ (ಅಂಡಾಣು, ವೀರ್ಯಾಣುಗಳನ್ನು ಪ್ರಯೋಗಾಲಯದಲ್ಲಿ ಸೇರಿಸಿ ಭ್ರೂಣ ಬೆಳೆಸುವ ಚಿಕಿತ್ಸೆ) ಬಗ್ಗೆ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆತಂಕದ ಸುತ್ತ ಇದ್ದವು: ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ದಿನಕ್ಕೂ ಹುಟ್ಟುವ ಮಗುವಿನ ತೂಕಕ್ಕೂ ಸಂಬಂಧವಿದೆಯೇ? ಸಂತಾನ ಚಿಕಿತ್ಸಾ ತಜ್ಞೆಯೊಬ್ಬರು ಮತ್ತು ಪ್ರಯೋಗಾಲಯದಲ್ಲಿ ಭ್ರೂಣ ಬೆಳೆಸುವ ಎಂಬ್ರಿಯಾಲಜಿಸ್ಟ್ ಒಬ್ಬರು ಸೇರಿ ಉತ್ತರಿಸಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ನಾದಿನಿಗೆ ಮೂರನೇ ದಿನದ ಭ್ರೂಣ ಹಾಕಿದ್ದರು. ಮಗು ಹುಟ್ಟಿದಾಗ 2.2 ಕಿಲೋ ಇತ್ತು. ನನಗೆ ಐದನೇ ದಿನ ಹಾಕುತ್ತೇವೆ ಎಂದಿದ್ದಾರೆ. ಬೇಗ ಹಾಕಿದ್ದರಿಂದ ಅವಳ ಮಗು ಸಣ್ಣದಾಯಿತೇ? (ಹಾಸನ)

ಉತ್ತರ: ನಾದಿನಿಯನ್ನು ಮೊದಲು ಕೇಳಬೇಕಾದದ್ದು ಹೆರಿಗೆ ಎಷ್ಟನೇ ವಾರಕ್ಕಾಯಿತು ಎಂದು. 35 ವಾರಕ್ಕೆ ಹುಟ್ಟಿದ ಮಗು 2.2 ಕಿಲೋ ಇದ್ದರೆ ಆ ವಾರಕ್ಕೆ ಅದು ತಕ್ಕ ತೂಕವೇ. ಅದೇ 2.2 ಕಿಲೋ 39 ವಾರಕ್ಕೆ ಹುಟ್ಟಿದ ಮಗುವಿನದಾದರೆ, ಒಳಗೆ ಬೆಳವಣಿಗೆ ಕುಂಠಿತವಾಗಿತ್ತು ಎಂದರ್ಥ. 2,500 ಗ್ರಾಂಗಿಂತ ಕಡಿಮೆ ಇದ್ದರೆ ‘ಕಡಿಮೆ ತೂಕ’ ಎಂದು ಆಸ್ಪತ್ರೆ ಬರೆದುಕೊಳ್ಳುತ್ತದೆ, ನಿಜ. ಆದರೆ ವಾರ ಹೇಳದೆ ತೂಕವನ್ನಷ್ಟೇ ಹೇಳಿದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಈಗ ದಿನದ ವಿಷಯ. ಅಂಡಾಣು ಹೊರತೆಗೆದ ದಿನವನ್ನು ಪ್ರಯೋಗಾಲಯದಲ್ಲಿ ಸೊನ್ನೆ ಎಂದು ಎಣಿಸುತ್ತಾರೆ. ಮರುದಿನ, ಅಂದರೆ ವೀರ್ಯಾಣು ಸೇರಿಸಿ 16ರಿಂದ 18 ಗಂಟೆ ಆದ ಮೇಲೆ, ಗರ್ಭಾಂಕುರವಾಗಿದೆಯೇ ಎಂದು ನೋಡುತ್ತಾರೆ. ಎರಡನೇ ದಿನಕ್ಕೆ ನಾಲ್ಕು ಕೋಶ, ಮೂರನೇ ದಿನಕ್ಕೆ ಆರರಿಂದ ಎಂಟು. ನಾಲ್ಕನೇ ದಿನ ಕೋಶಗಳು ಒತ್ತೊತ್ತಾಗಿ ಮುದ್ದೆಯಾಗುತ್ತವೆ. ಐದನೇ ದಿನಕ್ಕೆ ನಡುವೆ ನೀರು ತುಂಬಿದ ಗುಳ್ಳೆ ಮೂಡುತ್ತದೆ, ಇದೇ ಬ್ಲಾಸ್ಟೋಸಿಸ್ಟ್. ಅದರ ಒಳಗಿನ ಸಣ್ಣ ಗುಂಪಿನಿಂದ ಮಗು ಬೆಳೆಯುತ್ತದೆ, ಹೊರಗಿನ ಪದರದಿಂದ ಮಾಸು. ವರದಿಯಲ್ಲಿ ‘4ಎಎ’, ‘4ಎಬಿ’ ಎಂದು ಬರೆದಿರುವುದರಲ್ಲಿ ಅಂಕಿ ಗುಳ್ಳೆ ಎಷ್ಟು ಉಬ್ಬಿದೆ ಎಂಬುದಕ್ಕೆ, ಮೊದಲ ಅಕ್ಷರ ಒಳಗುಂಪಿಗೆ, ಎರಡನೆಯದು ಹೊರಪದರಕ್ಕೆ.

ಮೊದಲ ಎರಡು ಮೂರು ದಿನ ಭ್ರೂಣ ನಡೆಯುವುದು ತಾಯಿಯ ಅಂಡಾಣು ಕಟ್ಟಿಕೊಟ್ಟ ಬುತ್ತಿಯ ಮೇಲೆ. ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ ಅದರ ಸ್ವಂತ ಜೀನುಗಳು ಕೆಲಸ ಶುರು ಮಾಡುತ್ತವೆ. ಆ ತಿರುವಿನಲ್ಲಿ ಹಲವು ನಿಂತುಹೋಗುತ್ತವೆ. ಗರ್ಭಾಂಕುರವಾದವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಐದನೇ ದಿನ ಮುಟ್ಟುತ್ತವೆ. ಆದ್ದರಿಂದ ಐದಾರು ಒಳ್ಳೆಯ ಭ್ರೂಣ ಇದ್ದವರಿಗೆ ಐದನೇ ದಿನದವರೆಗೆ ಕಾಯುತ್ತಾರೆ. ಒಂದೋ ಎರಡೋ ಇದ್ದರೆ ಅನೇಕ ಕಡೆ ಮೂರನೇ ದಿನವೇ ಹಾಕಿಬಿಡುತ್ತಾರೆ. ಹೋಲಿಕೆ ದಾರಿ ತಪ್ಪುವುದು ಇಲ್ಲೇ: ಮೂರನೇ ದಿನ ಹಾಕಿಸಿಕೊಂಡವರಲ್ಲಿ ವಯಸ್ಸಾದವರು, ಅಂಡಾಣು ಕಡಿಮೆ ಇರುವವರು ಹೆಚ್ಚು. ಅವರ ಮಕ್ಕಳ ತೂಕದಲ್ಲಿ ಕಾಣುವ ವ್ಯತ್ಯಾಸಕ್ಕೆ ದಿನ ಕಾರಣವೋ ತಾಯಿಯ ದೇಹಸ್ಥಿತಿ ಕಾರಣವೋ ಬಿಡಿಸಿ ಹೇಳುವುದು ಕಷ್ಟ.

ಈ ಗೊಂದಲ ತಪ್ಪಿಸಲು ಚೀಟಿ ಎತ್ತಿದ ಹಾಗೆ ಹಂಚಿ ಮಾಡುವ ಅಧ್ಯಯನಗಳು ಬೇಕು. ನೆದರ್ಲೆಂಡ್ಸ್‌ನಲ್ಲಿ ಕನಿಷ್ಠ ನಾಲ್ಕು ಭ್ರೂಣಗಳಿದ್ದ 1,202 ಮಹಿಳೆಯರನ್ನು ಹೀಗೆ ಹಂಚಿ ನೋಡಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ತಾಜಾ ಭ್ರೂಣವನ್ನೂ ಉಳಿದ ಫ್ರೀಜ್ ಮಾಡಿದ್ದವನ್ನೂ ಬಳಸಿದ ಮೇಲೆ ಒಟ್ಟು ಮಗು ಪಡೆದವರು ಐದನೇ ದಿನದ ಗುಂಪಿನಲ್ಲಿ ಶೇ. 58.9, ಮೂರನೇ ದಿನದ ಗುಂಪಿನಲ್ಲಿ ಶೇ. 58.4. ಅಂದರೆ ಸಮ. ಐದನೇ ದಿನದವರಿಗೆ ಮೊದಲ ಯತ್ನದಲ್ಲೇ ಫಲ ಸಿಗುವ ಸಾಧ್ಯತೆ ಹೆಚ್ಚಿತ್ತು, ಗರ್ಭಪಾತ ಕಡಿಮೆ ಇತ್ತು, ಆದರೆ ಅವಧಿಗೆ ಮುನ್ನದ ಹೆರಿಗೆ ಸ್ವಲ್ಪ ಜಾಸ್ತಿ ಕಂಡಿತು. ತೂಕದ ಮಟ್ಟಿಗೆ, ಒಂದೇ ಮಗು ಹೊತ್ತವರಲ್ಲಿ, ಬೇರೆಲ್ಲ ಸಮವಿದ್ದರೆ ಮೂರು ಮತ್ತು ಐದರ ನಡುವಿನ ಅಂತರ ಹತ್ತಾರು ಗ್ರಾಂಗಳ ಮಾತು. ಗರ್ಭದ ಕೊನೆಯ ತಿಂಗಳುಗಳಲ್ಲಿ ಮಗು ವಾರಕ್ಕೆ ಸುಮಾರು 200 ಗ್ರಾಂ ಏರುತ್ತದೆ. ಹೆರಿಗೆ ಒಂದು ವಾರ ಹಿಂದೆ ಮುಂದೆ ಆದರೆ ಆಗುವ ವ್ಯತ್ಯಾಸ ಇದಕ್ಕಿಂತ ದೊಡ್ಡದು.

ಪ್ರಶ್ನೆ: ಎಲ್ಲ ಭ್ರೂಣಗಳನ್ನೂ ಫ್ರೀಜ್ ಮಾಡಿ ಎರಡು ತಿಂಗಳು ಬಿಟ್ಟು ಹಾಕೋಣ ಎನ್ನುತ್ತಿದ್ದಾರೆ. ಹಾಗೆ ಮಾಡಿದರೆ ಮಗು ತುಂಬ ದಪ್ಪ ಆಗುತ್ತದಂತೆ, ಸಿಸೇರಿಯನ್ ಗ್ಯಾರಂಟಿಯಂತೆ. ನಿಜವೇ? (ಮೈಸೂರು)

ಉತ್ತರ: ‘ದಪ್ಪ’ ಎಂಬುದರಲ್ಲಿ ಅಲ್ಪ ಸತ್ಯವಿದೆ. ‘ಗ್ಯಾರಂಟಿ’ ಎಂಬುದು ಸುಳ್ಳು.

ತಾಜಾ ಭ್ರೂಣ ಹಾಕಿದಾಗ ಹುಟ್ಟುವ ಮಕ್ಕಳು ಸಹಜವಾಗಿ ಬಸಿರಾದವರ ಮಕ್ಕಳಿಗಿಂತ ಸರಾಸರಿಯಲ್ಲಿ ಸ್ವಲ್ಪ ಹಗುರ. ಅಮೆರಿಕದ ಅಂಕಿಅಂಶ ಜೋಡಿಸಿದ 2002ರ ದೊಡ್ಡ ಅಧ್ಯಯನವೊಂದರಲ್ಲಿ, ಅವಧಿ ತುಂಬಿ ಒಂಟಿಯಾಗಿ ಹುಟ್ಟಿದ ಮಕ್ಕಳಲ್ಲೂ ಕಡಿಮೆ ತೂಕದ ಅಪಾಯ ಸಾಮಾನ್ಯರಿಗಿಂತ 2.6 ಪಟ್ಟು ಕಂಡಿತ್ತು. ಫ್ರೀಜ್ ಮಾಡಿ ಹಾಕಿದ ಭ್ರೂಣದ ಮಕ್ಕಳು ತಾಜಾ ಭ್ರೂಣದ ಮಕ್ಕಳಿಗಿಂತ ಸರಾಸರಿ ನೂರು ಗ್ರಾಂ ಆಸುಪಾಸು, ಕೆಲವೆಡೆ ಅದಕ್ಕೂ ಹೆಚ್ಚು, ಭಾರ. ಒಂದೇ ತಾಯಿಗೆ ಒಂದು ಸಲ ತಾಜಾ, ಇನ್ನೊಂದು ಸಲ ಫ್ರೀಜ್ ಭ್ರೂಣದಿಂದ ಹುಟ್ಟಿದ ಒಡಹುಟ್ಟಿದವರನ್ನು ಹೋಲಿಸಿದ ಡೆನ್ಮಾರ್ಕಿನ ಲೆಕ್ಕದಲ್ಲೂ ಇದೇ ದಿಕ್ಕು. ಆದ್ದರಿಂದ ಇದನ್ನು ತಾಯಂದಿರ ನಡುವಿನ ವ್ಯತ್ಯಾಸ ಎಂದು ತಳ್ಳಿಹಾಕಲಾಗದು.

ಕಾರಣ ಮುಖ್ಯವಾಗಿ ಗರ್ಭಕೋಶದ ಒಳಪದರದಲ್ಲಿದೆ. ಹತ್ತು ಹದಿನೈದು ಅಂಡಾಣು ಬೆಳೆಸಲು ಚುಚ್ಚುಮದ್ದು ಕೊಟ್ಟಾಗ, ಸಹಜ ಚಕ್ರದಲ್ಲಿ ಕೆಲವು ನೂರರಲ್ಲಿರುವ ಈಸ್ಟ್ರಡಯಾಲ್ (ಈಸ್ಟ್ರೊಜನ್ ಬಗೆಯ ಹಾರ್ಮೋನು) ಸಾವಿರಗಳಿಗೆ ಏರುತ್ತದೆ. ಒಳಪದರ ಹೊತ್ತಿಗೆ ಮುಂಚೆ ಬಲಿಯುತ್ತದೆ. ಮಾಸು ಬೇರೂರುವ ಮೊದಲ ದಿನಗಳ ವಾತಾವರಣ ಹೀಗೆ ಕೆಟ್ಟರೆ ಅದರ ಪರಿಣಾಮ ತೂಕದಲ್ಲಿ ಕಾಣುತ್ತದೆ. ಫ್ರೀಜ್ ಮಾಡಿ ಮುಂದಿನ ಚಕ್ರಕ್ಕೆ ಹೋದರೆ ಆ ಹಾರ್ಮೋನಿನ ಅಬ್ಬರ ಇಳಿದಿರುತ್ತದೆ. ಎರಡು ತಿಂಗಳು ಬಿಡಲೇಬೇಕೆಂಬ ನಿಯಮವಿಲ್ಲ. ಅಂಡಾಶಯ ಊದಿಕೊಂಡಿರದಿದ್ದರೆ ಮುಂದಿನ ಮುಟ್ಟಿನ ಚಕ್ರದಲ್ಲೇ ಹಾಕಬಹುದು.

ನಿಮಗೆ ಪಿಸಿಓಎಸ್ (ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ತುಂಬಿ ಮುಟ್ಟು ಏರುಪೇರಾಗುವ ತೊಂದರೆ) ಇದ್ದರೆ, ಅಥವಾ ಸ್ಕ್ಯಾನಿಂಗ್‌ನಲ್ಲಿ ಹದಿನೈದು ಇಪ್ಪತ್ತಕ್ಕಿಂತ ಹೆಚ್ಚು ಅಂಡಕೋಶಗಳು (ಅಂಡಾಣು ಬೆಳೆಯುವ ನೀರಿನ ಚೀಲಗಳು) ಕಂಡಿದ್ದರೆ, ಫ್ರೀಜ್ ಮಾಡುವ ಸಲಹೆ ಸರಿಯಾದದ್ದೇ. ಪಿಸಿಓಎಸ್ ಇದ್ದ 1,508 ಮಹಿಳೆಯರ ಮೇಲೆ ಚೀನಾದಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಗು ಪಡೆದವರು ಫ್ರೀಜ್ ಗುಂಪಿನಲ್ಲಿ ಶೇ. 49.3, ತಾಜಾ ಗುಂಪಿನಲ್ಲಿ ಶೇ. 42. ಅಂಡಾಶಯ ಅತಿಯಾಗಿ ಊದಿ ಹೊಟ್ಟೆಯಲ್ಲಿ ನೀರು ತುಂಬುವ ತೊಂದರೆ ಶೇ. 7.1ರಿಂದ 1.3ಕ್ಕೆ ಇಳಿಯಿತು. ಆದರೆ ಗರ್ಭಿಣಿಯರ ರಕ್ತದೊತ್ತಡದ ಕಾಯಿಲೆಯಾದ ಪ್ರಿಎಕ್ಲಾಂಪ್ಸಿಯಾ ಶೇ. 1.4 ಇದ್ದದ್ದು 4.4 ಆಯಿತು. ಮುಟ್ಟು ಸರಿಯಾಗಿ ಆಗುವ ಮಹಿಳೆಯರ ಮೇಲೆ 2018ರಲ್ಲಿ ಪ್ರಕಟವಾದ ಅಂಥದ್ದೇ ಪ್ರಯೋಗದಲ್ಲಿ ಫ್ರೀಜ್‌ನಿಂದ ಲಾಭ ಕಾಣಲಿಲ್ಲ (ಶೇ. 48.7 ಮತ್ತು 50.2). ಎಲ್ಲರಿಗೂ ಕಣ್ಣುಮುಚ್ಚಿ ‘ಎಲ್ಲ ಫ್ರೀಜ್’ ಮಾಡುವ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ನಿಮ್ಮ ವೈದ್ಯರನ್ನು ‘ನನಗೆ ಯಾಕೆ?’ ಎಂದು ಕೇಳಿ. ಅಂಡಕೋಶಗಳ ಸಂಖ್ಯೆ, ಒಳಪದರ ಬಲಿಸುವ ಪ್ರೊಜೆಸ್ಟರಾನ್ ಹಾರ್ಮೋನು ಮುಂಚೆಯೇ ಏರಿದ್ದು, ಒಳಪದರ ತೆಳುವಾಗಿದ್ದು, ಇವುಗಳಲ್ಲಿ ಯಾವುದಾದರೂ ಒಂದು ಉತ್ತರ ಬರಬೇಕು.

ಫ್ರೀಜ್ ಎಂದರೆ ಈಗ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕ್ಷಣಮಾತ್ರದಲ್ಲಿ ಗಾಜಿನಂತೆ ಗಟ್ಟಿಗೊಳಿಸುವುದು. ಒಳ್ಳೆಯ ಪ್ರಯೋಗಾಲಯದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಭ್ರೂಣ ಉಳಿದುಬರುತ್ತವೆ. ಇದನ್ನು ಹೊಸ ಹುಚ್ಚು ಎನ್ನುವವರಿಗೆ ಒಂದು ಮಾತು: 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಹುಟ್ಟಿದ ಭಾರತದ ಮೊದಲ ಪ್ರನಾಳ ಶಿಶು ಫ್ರೀಜ್ ಮಾಡಿ ಬೇರೆ ಚಕ್ರದಲ್ಲಿ ಹಾಕಿದ ಭ್ರೂಣದ್ದೇ. ಅದನ್ನು ಸಾಧಿಸಿದ ಡಾ. ಸುಭಾಷ್ ಮುಖೋಪಾಧ್ಯಾಯರನ್ನು ಆಗ ಯಾರೂ ನಂಬಲಿಲ್ಲ. ಅವರ ಟಿಪ್ಪಣಿಗಳನ್ನು ಓದಿ, 1997ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದು ಅವರಿಗೆ ಮನ್ನಣೆ ಕೊಡಿಸಿದವರು ಡಾ. ಟಿ.ಸಿ. ಆನಂದಕುಮಾರ್. 1986ರಲ್ಲಿ ಮುಂಬೈನಲ್ಲಿ ಹುಟ್ಟಿದ ಪ್ರನಾಳ ಶಿಶುವಿನ ಹಿಂದೆ ಇದ್ದ ವಿಜ್ಞಾನಿ ಅವರೇ. ಅಲ್ಲಿಯವರೆಗೆ ಮೊದಲಿಗನೆಂಬ ಕೀರ್ತಿ ಇದ್ದದ್ದು ಅವರಿಗೇ.

ಪ್ರಶ್ನೆ: ಫೆಬ್ರುವರಿ 12ಕ್ಕೆ ಮುಟ್ಟಾಗಿತ್ತು. ಗುಳಿಗೆ ಕೊಟ್ಟು ಮಾರ್ಚ್ 10ಕ್ಕೆ ಐದನೇ ದಿನದ ಫ್ರೋಜನ್ ಭ್ರೂಣ ಹಾಕಿದರು. ಈಗ ಊರಲ್ಲಿ ಸ್ಕ್ಯಾನಿಂಗ್ ಮಾಡಿಸಿದರೆ 32 ವಾರ ಆಗಬೇಕಿತ್ತು, ಮಗು 31 ವಾರದಷ್ಟೇ ಅದ ಅಂತಾರ. ಮಗು ಬೆಳೀತಿಲ್ಲೇನು? (ಹುಬ್ಬಳ್ಳಿ)

ಉತ್ತರ: ನಿಮ್ಮ ಮಗು ಸರಿಯಾಗಿಯೇ ಇದೆ. ತಪ್ಪಿರುವುದು ಕ್ಯಾಲೆಂಡರ್. ಈ ತಪ್ಪು ಎಷ್ಟು ಸಾಮಾನ್ಯವೆಂದರೆ ಇದಕ್ಕೆ ಜಾಗ ಕೊಟ್ಟು ಬರೆಯಲೇಬೇಕು.

ಸಹಜ ಬಸಿರಿನಲ್ಲಿ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸುತ್ತಾರೆ. ಮುಟ್ಟಾದ 14ನೇ ದಿನದ ಹೊತ್ತಿಗೆ ಅಂಡಾಣು ಬಿಡುಗಡೆಯಾಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಗುಳಿಗೆ ಕೊಟ್ಟು ಒಳಪದರ ಬೆಳೆಸಿದ ಚಕ್ರದಲ್ಲಿ ಈ ನಂಬಿಕೆ ನಿಲ್ಲುವುದಿಲ್ಲ. ಪದರ ನಿಧಾನಕ್ಕೆ ದಪ್ಪಗಾಯಿತೆಂದು ಈಸ್ಟ್ರೊಜನ್ ಗುಳಿಗೆಯನ್ನು ಒಂದು ವಾರ ಮುಂದುವರಿಸಿದರೆ ಟ್ರಾನ್ಸ್‌ಫರ್ (ಭ್ರೂಣ ಹಾಕುವುದು) ಒಂದು ವಾರ ತಡವಾಗುತ್ತದೆ. ಮುಟ್ಟಿನ ದಿನ ಮಾತ್ರ ಅಲ್ಲೇ ಇರುತ್ತದೆ.

ಐವಿಎಫ್ ಬಸಿರಿನ ಲೆಕ್ಕ ಹೀಗೆ. ಐದನೇ ದಿನದ ಭ್ರೂಣವಾದರೆ ಟ್ರಾನ್ಸ್‌ಫರ್ ಆದ ದಿನಕ್ಕೆ 261 ದಿನ ಕೂಡಿಸಿ. ಮೂರನೇ ದಿನದ ಭ್ರೂಣವಾದರೆ 263. ನಿಮ್ಮ ಮಾರ್ಚ್ 10ಕ್ಕೆ 261 ಕೂಡಿಸಿದರೆ ಹೆರಿಗೆಯ ದಿನಾಂಕ ನವೆಂಬರ್ 26. ಮುಟ್ಟಿನಿಂದ ಎಣಿಸಿದವರಿಗೆ ಸಿಕ್ಕಿರುವುದು ನವೆಂಬರ್ 19. ಸರಿಯಾಗಿ ಏಳು ದಿನದ ಅಂತರ. ವಾರ ತಿಳಿಯಬೇಕೆಂದರೆ, ಐದನೇ ದಿನದ ಭ್ರೂಣ ಹಾಕಿದ ದಿನವೇ ನೀವು 2 ವಾರ 5 ದಿನದ ಗರ್ಭಿಣಿ ಎಂದು ಹಿಡಿಯಿರಿ. ಮೂರನೇ ದಿನದ್ದಾದರೆ 2 ವಾರ 3 ದಿನ. ಆರನೇ ದಿನ ಫ್ರೀಜ್ ಮಾಡಿದ ಭ್ರೂಣವಾದರೆ ಒಂದು ದಿನ ಅತ್ತಿತ್ತ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಭ್ರೂಣ ಫ್ರೀಜರ್‌ನಲ್ಲಿ ಎಷ್ಟು ತಿಂಗಳು ಇತ್ತೆಂಬುದು ಲೆಕ್ಕಕ್ಕೆ ಬರುವುದೇ ಇಲ್ಲ. ಹಾಗೆ ಕೂಡಿಸಿ ಕೇಳಿದ ಪತ್ರವೂ ಬಂದಿದೆ!

ಈ ಏಳು ದಿನ ಸಣ್ಣದಲ್ಲ. ಇಲ್ಲದ ‘ಬೆಳವಣಿಗೆ ಕುಂಠಿತ’ ಕಂಡು, ಭಯ ಬಿದ್ದು, ನೋವು ಬರಿಸಿ 37 ವಾರಕ್ಕೆ ಹೆರಿಗೆ ಮಾಡಿಸಿದರೆ ನಿಜಕ್ಕೂ ಮಗು 36 ವಾರದ್ದಾಗಿರುತ್ತದೆ, ನಿಜಕ್ಕೂ ಹಗುರವಾಗಿ ಹುಟ್ಟುತ್ತದೆ. ತಪ್ಪು ತಾನಾಗಿಯೇ ನಿಜವಾದಂತೆ. ಟ್ರಾನ್ಸ್‌ಫರ್ ದಿನಾಂಕ, ಭ್ರೂಣದ ದಿನ, ಎಷ್ಟು ಭ್ರೂಣ ಎಂಬ ಮೂರನ್ನೂ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಬರೆಸಿ. ಪ್ರತಿ ಸ್ಕ್ಯಾನಿಂಗ್‌ಗೂ ಟ್ರಾನ್ಸ್‌ಫರ್ ದಿನದ ಚೀಟಿಯ ಜೆರಾಕ್ಸ್ ತೆಗೆದುಕೊಂಡು ಹೋಗಿ.

ಇನ್ನೊಂದು ಎಚ್ಚರ: ಐವಿಎಫ್‌ನಲ್ಲಿ ದಿನ ಖಚಿತವಾಗಿ ಗೊತ್ತಿರುವುದರಿಂದ, 11ರಿಂದ 14 ವಾರದೊಳಗಿನ ಸ್ಕ್ಯಾನಿಂಗ್‌ನಲ್ಲಿ ಮಗು ಒಂದು ವಾರ ಹಿಂದಿದ್ದರೆ ದಿನಾಂಕ ಬದಲಿಸಬಾರದು. ಮಗು ಏಕೆ ಹಿಂದಿದೆ ಎಂದು ಹುಡುಕಬೇಕು. ಹಾಗೆಯೇ ಸ್ಕ್ಯಾನಿಂಗ್ ಹೇಳುವ ತೂಕದಲ್ಲಿ ಶೇ. 10ರಿಂದ 15ರಷ್ಟು ಏರುಪೇರು ಸಹಜ. 2.5 ಕಿಲೋ ಎಂದರೆ 2.2 ಇರಬಹುದು, 2.8 ಇರಬಹುದು. ಒಂದು ಅಳತೆಗಿಂತ ಎರಡು ಮೂರು ವಾರದ ಅಂತರದ ಎರಡು ಅಳತೆ ಹೆಚ್ಚು ಹೇಳುತ್ತವೆ.

ಪ್ರಶ್ನೆ: ನನಗೆ ತಿಂಗಳು ತಪ್ಪದೆ ಮುಟ್ಟಾಗುತ್ತದೆ. ಆದರೂ ಫ್ರೋಜನ್ ಟ್ರಾನ್ಸ್‌ಫರ್‌ಗೆ ದಿನಕ್ಕೆ ಮೂರು ಈಸ್ಟ್ರೊಜನ್ ಗುಳಿಗೆ ಬರೆದಿದ್ದಾರೆ. ಗುಳಿಗೆ ಇಲ್ಲದೆ ಆಗುವುದಿಲ್ಲವೇ? ಬಿ.ಪಿ. ಬರುತ್ತದೆ ಎಂದು ಓದಿ ಹೆದರಿಕೆಯಾಗಿದೆ. (ಶಿವಮೊಗ್ಗ)

ಉತ್ತರ: ಆಗುತ್ತದೆ. ನಿಮ್ಮಂಥವರಿಗೆ ಅದೇ ಮೇಲು ಎಂಬ ಕಡೆಗೆ ನಮ್ಮ ಒಲವು.

ಗುಳಿಗೆ ಚಕ್ರದಲ್ಲಿ ಮುಟ್ಟಿನ ಎರಡನೇ ಅಥವಾ ಮೂರನೇ ದಿನದಿಂದ ಈಸ್ಟ್ರಡಯಾಲ್ 2 ಮಿ.ಗ್ರಾಂ ಗುಳಿಗೆ ದಿನಕ್ಕೆ ಮೂರು, ಸುಮಾರು ಎರಡು ವಾರ. ಒಳಪದರ 7 ಮಿ.ಮೀ. ದಾಟಿ ಮೂರು ಗೆರೆಯಾಗಿ ಕಂಡಾಗ ಪ್ರೊಜೆಸ್ಟರಾನ್ ಶುರು. ಯೋನಿಯಲ್ಲಿಡುವ ಗುಳಿಗೆಯಾದರೆ ಸಾಮಾನ್ಯವಾಗಿ 400 ಮಿ.ಗ್ರಾಂ ದಿನಕ್ಕೆರಡು ಸಲ. ಮೂರನೇ ದಿನದ ಭ್ರೂಣವನ್ನು ಪ್ರೊಜೆಸ್ಟರಾನಿನ ನಾಲ್ಕನೇ ದಿನ, ಬ್ಲಾಸ್ಟೋಸಿಸ್ಟನ್ನು ಆರನೇ ದಿನ ಹಾಕುತ್ತಾರೆ. ಭ್ರೂಣದ ವಯಸ್ಸೂ ಒಳಪದರದ ವಯಸ್ಸೂ ಹೊಂದಬೇಕು, ಟ್ರಾನ್ಸ್‌ಫರ್ ದಿನದ ಗುಟ್ಟೆಲ್ಲ ಇಷ್ಟೇ. ಮೊದಲ ಪ್ರೊಜೆಸ್ಟರಾನ್ ಗುಳಿಗೆಯನ್ನು ಅರ್ಧ ದಿನ ತಡವಾಗಿ ಇಟ್ಟುಕೊಂಡು ಸುಮ್ಮನಿರುವವರಿದ್ದಾರೆ. ಸುಮ್ಮನಿರಬೇಡಿ, ಆಸ್ಪತ್ರೆಗೆ ಹೇಳಿ, ದಿನ ಸರಿಹೊಂದಿಸುತ್ತಾರೆ.

ಸಹಜ ಚಕ್ರದಲ್ಲಿ ನಿಮ್ಮದೇ ಅಂಡಾಣು ಬಿಡುಗಡೆಯಾದ ದಿನವನ್ನು ಸ್ಕ್ಯಾನಿಂಗ್ ಮತ್ತು ಎಲ್‌ಎಚ್ (ಅಂಡಾಣು ಬಿಡುಗಡೆಗೆ ಮುನ್ನ ಏರುವ ಹಾರ್ಮೋನು) ಪರೀಕ್ಷೆಯಿಂದ ಹಿಡಿದು, ಎಲ್‌ಎಚ್ ಏರಿದ ಆರನೇ ದಿನದ ಹೊತ್ತಿಗೆ ಬ್ಲಾಸ್ಟೋಸಿಸ್ಟ್ ಹಾಕುತ್ತಾರೆ. ಇಲ್ಲಿ ಅಂಡಾಣು ಹೊರಟ ಜಾಗದಲ್ಲಿ ಕಾರ್ಪಸ್ ಲೂಟಿಯಂ ಎಂಬ ಹಳದಿ ಗಂಟು ಉಳಿಯುತ್ತದೆ. ಅದು ಪ್ರೊಜೆಸ್ಟರಾನ್ ಜೊತೆಗೆ ರಿಲ್ಯಾಕ್ಸಿನ್ ಮುಂತಾದ ವಸ್ತುಗಳನ್ನೂ ಸುರಿಸುತ್ತದೆ. ತಾಯಿಯ ರಕ್ತನಾಳಗಳು ಗರ್ಭಕ್ಕೆ ಹೊಂದಿಕೊಳ್ಳಲು ಅವು ಬೇಕು. ಗುಳಿಗೆ ಚಕ್ರದಲ್ಲಿ ಈ ಗಂಟೇ ಇರುವುದಿಲ್ಲ. ಪ್ರಿಎಕ್ಲಾಂಪ್ಸಿಯಾವೂ, ವಾರಕ್ಕೆ ಮೀರಿದ ತೂಕದ ಮಕ್ಕಳೂ ಗುಳಿಗೆ ಚಕ್ರದಲ್ಲಿ ಹೆಚ್ಚು ಕಾಣುವುದಕ್ಕೆ ಇದು ಮುಖ್ಯ ಕಾರಣವಿರಬಹುದು ಎಂದು ಈಗ ಹೆಚ್ಚಿನವರು ಒಪ್ಪುತ್ತಾರೆ. ವಿಚಿತ್ರವೆಂದರೆ ಪ್ರಿಎಕ್ಲಾಂಪ್ಸಿಯಾ ಬಂದರೆ ಮಾಸಿನ ರಕ್ತ ಕಡಿಮೆಯಾಗಿ ಮಗು ಹಗುರವೂ ಆಗಬಹುದು. ಹಾಗಾಗಿ ‘ಫ್ರೋಜನ್ ಮಗು ಭಾರ’ ಎಂಬುದು ಸರಾಸರಿಯ ಮಾತಷ್ಟೇ.

ಮತ್ತೆ ವೈದ್ಯರು ಗುಳಿಗೆಯನ್ನೇಕೆ ಆರಿಸುತ್ತಾರೆ? ದಿನ ಕೈಯಲ್ಲಿರುತ್ತದೆ. ಭಾನುವಾರ ತಪ್ಪಿಸಬಹುದು, ಸ್ಕ್ಯಾನಿಂಗ್ ಎರಡರಲ್ಲೇ ಮುಗಿಯುತ್ತದೆ. ಸಹಜ ಚಕ್ರಕ್ಕೆ ಮೂರೋ ನಾಲ್ಕೋ ಸಲ ಹೋಗಬೇಕು. ಚಿಕಿತ್ಸೆ ಬೆಂಗಳೂರಿನಲ್ಲಾದರೆ ಶಿವಮೊಗ್ಗದಿಂದ ಅಷ್ಟು ಸಲ ಓಡಾಡುವ ಕಷ್ಟ ನಿಮಗೇ ಗೊತ್ತು. ಮೊದಲ ಸ್ಕ್ಯಾನಿಂಗ್‌ಗಳನ್ನು ಊರಲ್ಲೇ ಮಾಡಿಸಿ ವರದಿ ಕಳಿಸುವುದಾದರೆ ಒಪ್ಪುತ್ತೀರಾ ಎಂದು ಕೇಳಿ ನೋಡಿ. ಮುಟ್ಟು ಏರುಪೇರಾಗುವವರಿಗೆ ಲೆಟ್ರೊಜೋಲ್ ಗುಳಿಗೆಯಿಂದ ಅಂಡಾಣು ಬೆಳೆಸಿ ಹಾಕುವ ಮಧ್ಯದ ದಾರಿಯಿದೆ. ಅಂಡಾಶಯ ನಿಂತೇ ಹೋಗಿರುವವರಿಗೆ ಗುಳಿಗೆ ಚಕ್ರ ಅನಿವಾರ್ಯ.

ಗುಳಿಗೆ ಚಕ್ರದಲ್ಲೇ ಬಸಿರಾದರೆ ಈಸ್ಟ್ರೊಜನ್, ಪ್ರೊಜೆಸ್ಟರಾನ್ ಎರಡನ್ನೂ 10ರಿಂದ 12 ವಾರದವರೆಗೆ ನಿಲ್ಲಿಸಬೇಡಿ. ಅಲ್ಲಿಯವರೆಗೆ ಹಾರ್ಮೋನು ಬರುವುದು ಗುಳಿಗೆಯಿಂದ ಮಾತ್ರ. ಸ್ವಲ್ಪ ಕಂದು ಬಣ್ಣದ ಕಲೆ ಕಂಡಿತೆಂದು ತಾವೇ ನಿಲ್ಲಿಸುವುದು, ಹಬ್ಬಕ್ಕೆ ಊರಿಗೆ ಹೋದಾಗ ಗುಳಿಗೆ ಮುಗಿದು ಸಿಗದೇ ಹೋಗುವುದು, ಎರಡೂ ಆಗಾಗ ನಡೆಯುತ್ತವೆ. ಒಂದು ವಾರದ ಹೆಚ್ಚುವರಿ ಗುಳಿಗೆ ಕೈಯಲ್ಲಿರಲಿ. ಪ್ರಿಎಕ್ಲಾಂಪ್ಸಿಯಾ ತಡೆಗೆ 12ನೇ ವಾರದಿಂದ 36ರವರೆಗೆ ರಾತ್ರಿ ಸಣ್ಣ ಪ್ರಮಾಣದ ಆಸ್ಪಿರಿನ್, ಸಾಮಾನ್ಯವಾಗಿ 150 ಮಿ.ಗ್ರಾಂ, ಬೇಕೇ ಎಂದು ವೈದ್ಯರನ್ನು ಕೇಳಿ. 16 ವಾರ ದಾಟಿದ ಮೇಲೆ ಶುರುಮಾಡಿದರೆ ಲಾಭ ಕಡಿಮೆ. 20 ವಾರದ ನಂತರ ಬಿ.ಪಿ. 140/90 ಮುಟ್ಟಿದರೆ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಬಲಪಕ್ಕೆಲುಬಿನ ಕೆಳಗೆ ನೋವು ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಇಷ್ಟು ಖರ್ಚು ಮಾಡಿದ್ದೇವೆ, ಎರಡು ಭ್ರೂಣ ಹಾಕಿಸಿಬಿಡೋಣ, ಅವಳಿ ಆದರೂ ಒಂದೇ ಹೆರಿಗೆಗೆ ಮುಗಿಯಿತು ಎಂದು ಯಜಮಾನರ ಅಭಿಪ್ರಾಯ. ನನಗೆ 31 ವರ್ಷ. (ಮಂಗಳೂರು)

ಉತ್ತರ: ಮಗುವಿನ ತೂಕದ ಬಗ್ಗೆ ನೀವು ತೆಗೆದುಕೊಳ್ಳಬಹುದಾದ ಅತಿ ದೊಡ್ಡ ನಿರ್ಧಾರ ಇದೇ. ದಿನ, ಫ್ರೀಜ್, ಗುಳಿಗೆ ಎಲ್ಲವನ್ನೂ ಕೂಡಿಸಿದರೂ ನೂರಿನ್ನೂರು ಗ್ರಾಂ. ಅವಳಿಯಾದರೆ ತಲಾ ಅರ್ಧ ಕಿಲೋಗಿಂತಲೂ ಹೆಚ್ಚು ತೂಕ ಇಳಿಯುತ್ತದೆ. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 2,500 ಗ್ರಾಂ ಮುಟ್ಟುವುದಿಲ್ಲ, ಅರ್ಧದಷ್ಟು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ನವಜಾತ ಶಿಶುಗಳ ಐಸಿಯುನಲ್ಲಿ ಇಬ್ಬರನ್ನು ಎರಡು ವಾರ ಇಟ್ಟರೆ ಉಳಿತಾಯದ ಲೆಕ್ಕ ತಲೆಕೆಳಗಾಗುತ್ತದೆ. ಯಜಮಾನರಿಗೆ ಇದನ್ನೇ ಹೇಳಿ.

31ರ ವಯಸ್ಸಿಗೆ, ಒಳ್ಳೆಯ ಬ್ಲಾಸ್ಟೋಸಿಸ್ಟ್ ಇದ್ದರೆ ಒಂದೇ ಸಾಕು. ಇನ್ನೊಂದನ್ನು ಫ್ರೀಜ್ ಮಾಡಿಡಿ. ಸಂತಾನ ಚಿಕಿತ್ಸೆ ಕುರಿತ 2021ರ ಕಾನೂನಿನ ಪ್ರಕಾರ ಹತ್ತು ವರ್ಷದವರೆಗೆ ಇಡಬಹುದು. ನಲವತ್ತರ ಹತ್ತಿರದವರಿಗೆ, ಮೂರನೇ ದಿನದ ಸಾಧಾರಣ ಭ್ರೂಣಗಳಿದ್ದಾಗ ಎರಡು ಹಾಕುವುದರಲ್ಲಿ ಅರ್ಥವಿರಬಹುದು. ಬ್ಲಾಸ್ಟೋಸಿಸ್ಟ್ ಒಂದೇ ಹಾಕಿದರೂ ನೂರಕ್ಕೆ ಒಂದೆರಡು ಸಲ ಅದೇ ಒಡೆದು ಅವಳಿಯಾಗುವುದುಂಟು. ಎರಡು ಹಾಕಿ, ಒಂದು ಮೊದಲ ತಿಂಗಳುಗಳಲ್ಲೇ ಕರಗಿಹೋದರೂ ಉಳಿದ ಮಗುವಿನ ತೂಕ ಸರಾಸರಿಯಲ್ಲಿ ಸ್ವಲ್ಪ ಕಡಿಮೆ.

ಪ್ರಶ್ನೆ: ಟ್ರಾನ್ಸ್‌ಫರ್ ಆದ ಮೇಲೆ ಹದಿನೈದು ದಿನ ಮಲಗಿರಬೇಕೇ? ಪಪ್ಪಾಯಿ ತಿಂದರೆ, ಆಟೋದಲ್ಲಿ ಹೋದರೆ ಮಗು ಸಣ್ಣದಾಗುತ್ತದೆಯೇ? (ಕಲಬುರಗಿ)

ಉತ್ತರ: ಬೇಕಿಲ್ಲ, ಆಗುವುದಿಲ್ಲ. ಭ್ರೂಣ ಗುಂಡಿಗೆ ಬಿದ್ದ ಆಟೋದಿಂದ ಜಾರಿ ಬೀಳುವುದಿಲ್ಲ. ಮಲಗಿದ್ದರಿಂದ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುವುದಿಲ್ಲವೆಂದು ಪ್ರಯೋಗಗಳಲ್ಲಿ ಕಂಡಿದೆ. ಹಣ್ಣಾದ ಪಪ್ಪಾಯಿಗೂ ತೂಕಕ್ಕೂ ಸಂಬಂಧವಿಲ್ಲ. ಇಷ್ಟವಿಲ್ಲದಿದ್ದರೆ ಬಾಳೆಹಣ್ಣು ತಿನ್ನಿ. ತಂಬಾಕು, ಗುಟ್ಕಾ, ಮನೆಯೊಳಗಿನ ಬೀಡಿ ಹೊಗೆ ನಿಜವಾಗಿಯೂ ತೂಕ ಇಳಿಸುತ್ತವೆ. ಪಪ್ಪಾಯಿಯ ಬಗ್ಗೆ ಇರುವ ಹೆದರಿಕೆ ಇವುಗಳ ಬಗ್ಗೆ ಇದ್ದಿದ್ದರೆ ಚೆನ್ನಾಗಿತ್ತು.

ಪ್ರಶ್ನೆ: ಭ್ರೂಣ ಬೆಳೆಸುವ ದ್ರಾವಣದಿಂದಲೂ ತೂಕ ಬದಲಾಗುತ್ತದೆ ಎಂದು ಓದಿದೆ. ನಾವು ಕಂಪನಿ ಆರಿಸಬಹುದೇ? (ಬೆಂಗಳೂರು)

ಉತ್ತರ (ಎಂಬ್ರಿಯಾಲಜಿಸ್ಟ್): ಓದಿದ್ದು ಸರಿ. ನೆದರ್ಲೆಂಡ್ಸ್‌ನ ಆರು ಕೇಂದ್ರಗಳಲ್ಲಿ 836 ದಂಪತಿಯ ಭ್ರೂಣಗಳನ್ನು ಎಚ್‌ಟಿಎಫ್ ಮತ್ತು ಜಿ5 ಎಂಬ ಎರಡು ದ್ರಾವಣಗಳಿಗೆ ಹಂಚಿ ಬೆಳೆಸಿದರು. 2016ರಲ್ಲಿ ಫಲಿತಾಂಶ ಬಂತು: ವಾರ ಮತ್ತು ಲಿಂಗ ಸರಿದೂಗಿಸಿದ ಮೇಲೂ ಜಿ5ನಲ್ಲಿ ಬೆಳೆದ ಮಕ್ಕಳು 158 ಗ್ರಾಂ ಹಗುರ. ಬದುಕಿನ ಮೊದಲ ಕೆಲವೇ ದಿನ ಸಿಕ್ಕ ಆಹಾರ ಒಂಬತ್ತು ತಿಂಗಳ ನಂತರದ ತಕ್ಕಡಿಯಲ್ಲಿ ಕಾಣುತ್ತದೆ ಎಂಬುದು ನಮ್ಮ ವೃತ್ತಿಯವರನ್ನು ಬೆಚ್ಚಿಬೀಳಿಸಿದ ಸಂಗತಿ. ಆದರೆ ಬಳಸಬಹುದಾದ ಭ್ರೂಣಗಳು ಹೆಚ್ಚು ಸಿಕ್ಕಿದ್ದೂ, ಗರ್ಭಕೋಶದಲ್ಲಿ ಹೆಚ್ಚು ಕಚ್ಚಿಕೊಂಡದ್ದೂ ಅದೇ ಜಿ5ನಲ್ಲಿ. ಭಾರದ ಮಗು ಬೇಕೋ, ಮಗು ಆಗುವ ಸಾಧ್ಯತೆ ಹೆಚ್ಚಬೇಕೋ ಎಂದು ಕೇಳಿದರೆ ನಿಮ್ಮ ಉತ್ತರ ನನಗೆ ಗೊತ್ತು.

ಪ್ರಯೋಗಾಲಯ ತನಗೆ ಒಗ್ಗಿದ ದ್ರಾವಣವನ್ನೇ ಬಳಸುತ್ತದೆ, ಒಬ್ಬರಿಗಾಗಿ ಬದಲಿಸುವುದಿಲ್ಲ, ಬದಲಿಸಲೂಬಾರದು. ಕೇಳಲೇಬೇಕೆಂದಿದ್ದರೆ ಇವನ್ನು ಕೇಳಿ: ಇನ್‌ಕ್ಯುಬೇಟರ್‌ನಲ್ಲಿ ಆಮ್ಲಜನಕವನ್ನು ಶೇ. 5ಕ್ಕೆ ಇಳಿಸಿದ್ದೀರಾ, ಅಥವಾ ಹೊರಗಿನ ಗಾಳಿಯ ಶೇ. 20ರ ಸುತ್ತಲೇ ಇದೆಯೇ? 37 ಡಿಗ್ರಿ ಶಾಖವನ್ನು ಬೇರೆ ಥರ್ಮಾಮೀಟರಿನಿಂದ ದಿನವೂ ನೋಡುತ್ತೀರಾ? ಕರೆಂಟು ಹೋದರೆ ಇನ್‌ಕ್ಯುಬೇಟರ್‌ಗೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಇವಕ್ಕೆ ತಡವರಿಸದೆ ಉತ್ತರ ಬರುವ ಜಾಗ ಒಳ್ಳೆಯದು.

ಪ್ರಶ್ನೆ: ಐದನೇ ದಿನ ಹಾಕಿದರೆ ಗಂಡುಮಗು ಆಗುತ್ತದಂತೆ, ಹೌದೇ? (ಊರು ಬರೆದಿಲ್ಲ)

ಉತ್ತರ: ಗಂಡು ಭ್ರೂಣಗಳು ಬ್ಲಾಸ್ಟೋಸಿಸ್ಟ್ ಹಂತವನ್ನು ತುಸು ಬೇಗ ಮುಟ್ಟುವುದರಿಂದ ಸಂಖ್ಯೆ ನೂರಕ್ಕೆ ಎರಡು ನಾಲ್ಕು ವಾಲುತ್ತದೆ. ಗಂಡುಮಕ್ಕಳು ಸರಾಸರಿ ನೂರು ಗ್ರಾಂನಷ್ಟು ಭಾರ ಇರುವುದರಿಂದ ಐದನೇ ದಿನದ ಲೆಕ್ಕದಲ್ಲಿ ಅದೂ ಸ್ವಲ್ಪ ಸೇರಿಕೊಂಡಿದೆ. ಲಿಂಗ ಆರಿಸಲು ಇದು ದಾರಿಯಲ್ಲ. ಆರಿಸುವುದು 1994ರ ಲಿಂಗಪತ್ತೆ ತಡೆ ಕಾಯ್ದೆಯಡಿ ಅಪರಾಧ.

ಪ್ರಶ್ನೆ: ಐವಿಎಫ್ ಮಕ್ಕಳು ಸಣ್ಣ ಎನ್ನುತ್ತಾರೆ. ಮೊದಲೇ ದಪ್ಪಗಾಗಲಿ ಎಂದು ಅತ್ತೆಯವರು ಇಬ್ಬರ ಊಟ ಮಾಡಿಸುತ್ತಿದ್ದಾರೆ. ಐದನೇ ತಿಂಗಳು. (ದಾವಣಗೆರೆ)

ಉತ್ತರ: ನಾರ್ವೆಯಲ್ಲಿ ಒಂದು ಮಗುವನ್ನು ಸಹಜವಾಗಿ, ಇನ್ನೊಂದನ್ನು ಚಿಕಿತ್ಸೆಯಿಂದ ಪಡೆದ 2,546 ತಾಯಂದಿರ ಮಕ್ಕಳನ್ನು ಹೋಲಿಸಿದರು (2008). ಒಡಹುಟ್ಟಿದವರ ನಡುವೆ ತೂಕದ ಅಂತರ ಬರೀ 9 ಗ್ರಾಂ! ಅಂದರೆ ‘ಐವಿಎಫ್ ಮಕ್ಕಳು ಸಣ್ಣ’ ಎನ್ನುವುದರಲ್ಲಿ ಬಹುಪಾಲು, ಮಗು ಆಗುವುದು ತಡವಾಗಲು ಕಾರಣವಾದ ದೇಹಸ್ಥಿತಿಯದ್ದು. ಚಿಕಿತ್ಸೆಯ ಪಾಲು ಕಡಿಮೆ.

ಇಬ್ಬರ ಊಟದಿಂದ ತೂಕ ಏರುವುದು ನಿಮ್ಮದು. ಜೊತೆಗೆ ಶುಗರ್ ಬಂದರೆ ಮಗು ಅಳತೆ ಮೀರಿ ಬೆಳೆದು ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ ಅಪಾಯ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ ನೋಡುವ ಪರೀಕ್ಷೆ 24ರಿಂದ 28 ವಾರದೊಳಗೆ ಆಗಲಿ. 140 ದಾಟಿದರೆ ಎಚ್ಚರ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಅದನ್ನು ಸರಿಪಡಿಸುವುದು ಮಗುವಿನ ತೂಕಕ್ಕೆ ಯಾವ ಪ್ರೋಟೀನ್ ಪುಡಿಗಿಂತ ದೊಡ್ಡ ಉಪಕಾರ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಗುಳಿಗೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಅದನ್ನು ಕಾಫಿ, ಟೀ, ಕ್ಯಾಲ್ಸಿಯಂ ಗುಳಿಗೆ ಯಾವುದರ ಜೊತೆಗೂ ನುಂಗಬೇಡಿ, ಎರಡು ಗಂಟೆ ಅಂತರವಿರಲಿ. ನಿಂಬೆಹಣ್ಣಿನ ಪಾನಕದ ಜೊತೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಊಟಕ್ಕೆ ಒಂದು ಹಿಡಿ ಬೇಳೆಯೋ ಕಾಳೋ ಹೆಚ್ಚು, ಒಂದು ಮೊಟ್ಟೆ ಅಥವಾ ಒಂದು ಲೋಟ ಹಾಲು ಹೆಚ್ಚು. ಅತ್ತೆಯವರ ಪ್ರೀತಿಯನ್ನು ಅಷ್ಟಕ್ಕೆ ತಿರುಗಿಸಿ.

ಪ್ರಶ್ನೆ: ನಮ್ಮ ಮಗು 38 ವಾರಕ್ಕೆ 2.3 ಕಿಲೋ ಹುಟ್ಟಿತು, ತಾಜಾ ಭ್ರೂಣ. ಈಗ ಆರು ವಾರ. ಮುಂದೆಯೂ ಹಿಂದುಳಿಯುತ್ತದೆಯೇ? ಡಬ್ಬಿ ಹಾಲು ಸೇರಿಸಬೇಕೇ? (ಮಸ್ಕತ್)

ಉತ್ತರ: ಹೆಚ್ಚಿನ ಮಕ್ಕಳು ಒಂದೂವರೆ ಎರಡು ವರ್ಷದೊಳಗೆ ಓರಗೆಯವರನ್ನು ಹಿಡಿದುಬಿಡುತ್ತಾರೆ. ಮೊದಲ ವಾರ ಹುಟ್ಟಿದ ತೂಕದ ಶೇ. 10ರವರೆಗೆ ಇಳಿಯುವುದು ಸಹಜ, ಎರಡು ವಾರಕ್ಕೆ ಮರಳಬೇಕು. ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ 25ರಿಂದ 30 ಗ್ರಾಂ ಏರುತ್ತಿದ್ದರೆ, ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಮೂತ್ರ ಮಾಡುತ್ತಿದ್ದರೆ ಎದೆಹಾಲು ಸಾಕು ಎಂದರ್ಥ, ಡಬ್ಬಿ ಹಾಲು ಬೇಡ. ಹಗುರ ಹುಟ್ಟಿದ ಮಗುವನ್ನು ಮೊದಲ ತಿಂಗಳುಗಳಲ್ಲಿ ಧಾವಂತದಿಂದ ದಪ್ಪಗೆ ಮಾಡುವುದು ಮುಂದೆ ಬೊಜ್ಜು, ಶುಗರ್ ಕಡೆಗೆ ಎಳೆಯುತ್ತದೆ.

ಒಂದೇ ತಕ್ಕಡಿಯಲ್ಲಿ, ಬಟ್ಟೆ ಇಲ್ಲದೆ, ವಾರಕ್ಕೊಮ್ಮೆ ತೂಗಿ ಬರೆದಿಡಿ. ದಿನವೂ ತೂಗಿದರೆ ನಿಮ್ಮ ನಿದ್ದೆ ಕೆಡುತ್ತದೆ, ಬೇರೇನೂ ಲಾಭವಿಲ್ಲ. ವಿಟಮಿನ್ ಡಿ ಹನಿ ದಿನಕ್ಕೆ 400 ಯೂನಿಟ್ ಕೊಡಿ. ಹುಟ್ಟುವಾಗ 2.5 ಕಿಲೋಗಿಂತ ಕಡಿಮೆ ಇದ್ದ ಮಗುವಿಗೆ ಎರಡನೇ ತಿಂಗಳಿಂದ ಕಬ್ಬಿಣದ ಹನಿಯೂ ಬೇಕಾಗುತ್ತದೆ. ಅದರ ಅಳತೆ ಮಗುವಿನ ತೂಕದ ಮೇಲೆ ನಿಲ್ಲುತ್ತದೆ. ಮುಂದಿನ ಲಸಿಕೆಗೆ ಹೋದಾಗ ಆ ವಾರದ ತೂಕ ತೋರಿಸಿ ಮಕ್ಕಳ ವೈದ್ಯರಿಂದ ಬರೆಸಿಕೊಳ್ಳಿ.